ತೊಟ್ಟಿಯ ಮೀನು ಹೆಣ್ಣಿನಿಂದ ಗಂಡಾಗಬಲ್ಲುದೆ?



ಸೇಡಂ ತಾಲ್ಲೂಕಿನ ಕುರಕುಂಟಾ, ಅದರಾಚೆಯ ವಾಡಿ, ಶಹಾಬಾದ ಇವೆಲ್ಲವೂ ಸುಣ್ಣಕಲ್ಲಿನ ನಾಡು. ಅಲ್ಲಿ ಕಲ್ಲು ತೆಗೆದ ತಗ್ಗುಗಳಲ್ಲಿ ಮಳೆಗಾಲದ ನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ. ಇಂತಹ ನೀರಿಗೆ ಸೊಳ್ಳೆಯ ಮರಿಗಳನ್ನು ತಿನ್ನುವ ಸಣ್ಣ ಮೀನುಗಳನ್ನು ಬಿಡುವ ಪದ್ಧತಿ ನಮ್ಮ ದೇಶದಲ್ಲಿ ಹಳೆಯದು. ಅದಕ್ಕಾಗಿ ಗಪ್ಪಿಯನ್ನು 1908ರಲ್ಲಿಯೂ, ಗಂಬೂಸಿಯಾವನ್ನು ಇಟಲಿಯಿಂದ 1928ರಲ್ಲಿಯೂ ಭಾರತಕ್ಕೆ ತಂದರು. ಗಪ್ಪಿಯಂತೂ ಪಟ್ಟಣದ ಮನೆಗಳ ಗಾಜಿನ ತೊಟ್ಟಿಗಳಿಗೂ ಅಲಂಕಾರವಾಗಿದೆ. ತೊಟ್ಟಿಯನ್ನಿಟ್ಟವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯೇ ಈ ಹೊತ್ತಿನ ನಮ್ಮ ವಿಷಯ: ಹೆಣ್ಣುಮೀನು ಗಂಡಾಗುವುದುಂಟೆ?

“ಬರಿಯ ಹೆಣ್ಣುಗಳನ್ನೇ ತಂದೆವು, ಎರಡು ತಿಂಗಳಾದ ಮೇಲೂ ಮರಿಗಳು ಕಾಣಿಸಿದವು, ಆದುದರಿಂದ ಒಂದು ಹೆಣ್ಣು ಗಂಡಾಗಿರಲೇಬೇಕು” ಎಂದು ವಾದಿಸುವವರುಂಟು. ತರ್ಕ ಸರಳವಾದರೂ ನಿರ್ಣಯ ತಪ್ಪು. ಗಪ್ಪಿಯ ಹೆಣ್ಣು ಒಮ್ಮೆ ಗಂಡಿನೊಡನೆ ಕೂಡಿದರೆ ಸಾಕು. ವೀರ್ಯವನ್ನು ಒಡಲಲ್ಲಿ ಹಲವು ತಿಂಗಳು ಕಾಪಾಡಿಕೊಂಡು ಮತ್ತೆ ಮತ್ತೆ ಮರಿ ಹಾಕಬಲ್ಲುದು. ತಗ್ಗಿನ ನೀರಿಗೆ ಬಸುರಿಯಾದ ಒಂದೇ ಮೀನನ್ನು ಬಿಟ್ಟರೂ ಸಂತಾನ ಬೆಳೆಯುವುದು ಇದರಿಂದಲೇ.

ಇನ್ನು ಕತ್ತಿಬಾಲದ ಮೀನು. ಇದರ ಗಂಡಿಗೆ ಬಾಲದ ಕೆಳಗಂಚು ಕತ್ತಿಯಂತೆ ನೀಳವಾಗುತ್ತದೆ. ಹೆಣ್ಣೆಂದು ತಿಳಿದಿದ್ದ ಮೀನಿಗೆ ಕತ್ತಿ ಮೂಡಿದರೆ ಯಜಮಾನನು ಬೆರಗಾಗುವುದು ಸಹಜ. 1926ರಲ್ಲಿ ಎಸೆನ್‌ಬರ್ಗ್ ಎಂಬ ವಿಜ್ಞಾನಿಯು ಈ ಜಾತಿಯಲ್ಲಿ ಹೆಣ್ಣು ಪೂರ್ಣವಾಗಿ ಗಂಡಾಗುತ್ತದೆಂದು ಪ್ರಕಟಿಸಿದನು. ಆ ಬಳಿಕ ಬಂದವರು ಇದನ್ನು ಸಂದೇಹದಿಂದ ಕಂಡರು. ಕೆಲವು ಗಂಡುಗಳು ತಡವಾಗಿ ಪ್ರಾಯಕ್ಕೆ ಬರುತ್ತವೆ; ಅಲ್ಲಿಯವರೆಗೆ ಹೆಣ್ಣಿನಂತೆಯೇ ತೋರುತ್ತವೆ. ಮುದಿಯಾದ ಹೆಣ್ಣಿನ ಅಂಡಾಶಯ ಕ್ಷೀಣಿಸಿದಾಗಲೂ ಕತ್ತಿಯ ಕುರುಹು ಮೂಡುವುದುಂಟು. ವೇಷ ಬದಲಾದ ಮಾತ್ರಕ್ಕೆ ಲಿಂಗ ಬದಲಾಯಿತೆನ್ನಲಾಗದು. ಮೊದಲು ಮರಿಗಳಿಗೆ ತಾಯಿಯಾಗಿದ್ದ ಮೀನು ಮುಂದೆ ಮರಿಗಳಿಗೆ ತಂದೆಯೂ ಆಯಿತೆ? ಇದೊಂದೇ ಸರಿಯಾದ ಒರೆಗಲ್ಲು.

ಈ ಒರೆಗಲ್ಲಿನಲ್ಲಿ ಗೆದ್ದ ಮೀನುಗಳೂ ಇವೆ. ಸಯಾಮಿನ ಕಾದಾಟದ ಮೀನಿನ ಹೆಣ್ಣುಗಳಿಂದ ಅಂಡಾಶಯವನ್ನು ಶಸ್ತ್ರಕ್ರಿಯೆಯಿಂದ ತೆಗೆದಾಗ, ಅವುಗಳಲ್ಲಿ ಕೆಲವು ಗಂಡಾಗಿ ಮರಿಗಳಿಗೆ ತಂದೆಯೂ ಆದುವೆಂದು 1975ರಲ್ಲಿ ಪ್ರಕಟವಾಯಿತು. ನಮ್ಮ ದೇಶದ್ದೇ ಆದ ಜೀಬ್ರಾ ಮೀನಿನ ವೃತ್ತಾಂತವೂ ಸ್ವಾರಸ್ಯವಾಗಿದೆ. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕನನ್ ಮಹಾಶಯನೇ, ಹ್ಯಾಮಿಲ್ಟನ್ ಎಂಬ ಹೆಸರಿನಿಂದ, 1822ರ ತನ್ನ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿದವನು. ಪ್ರಯೋಗಾಲಯಗಳಲ್ಲಿ ಸಾಕಿದ ಈ ಮೀನಿನ ಮರಿಗಳಲ್ಲಿ ಮೊದಲು ಅಂಡಾಶಯದ ರೂಪವೇ ತಲೆದೋರುತ್ತದೆ. ಗಂಡಾಗುವ ಮರಿಗಳಲ್ಲಿ ಅದು ಕರಗಿ ವೃಷಣವಾಗುತ್ತದೆ.

ಆದರೆ ಯಾವ ಶಸ್ತ್ರವೂ ಇಲ್ಲದೆ, ಪ್ರಾಯಕ್ಕೆ ಬಂದ ಮೇಲೆ ಲಿಂಗವನ್ನು ಬದಲಿಸುವ ಕ್ರಮವನ್ನು ನೋಡಬೇಕಾದರೆ ಸಮುದ್ರಕ್ಕೆ ಹೋಗಬೇಕು. ಇತರ ಮೀನುಗಳ ಮೈಯ ಕೀಟಗಳನ್ನು ತಿಂದು ಶುಚಿಮಾಡುವ ಒಂದು ಸಣ್ಣ ಮೀನಿದೆ. ಒಂದು ಗಂಡಿನ ಆಳ್ವಿಕೆಯಲ್ಲಿ ಹಲವು ಹೆಣ್ಣುಗಳು. ಆ ಗಂಡು ಸತ್ತರೆ ಹಿರಿಯ ಹೆಣ್ಣು ಕೆಲವೇ ಗಂಟೆಗಳಲ್ಲಿ ಗಂಡಿನಂತೆ ನಡೆದುಕೊಳ್ಳತೊಡಗಿ, ಸುಮಾರು ಎರಡು ವಾರಗಳಲ್ಲಿ ನಿಜವಾಗಿ ಗಂಡಾಗುತ್ತದೆ. ರಾಬರ್ಟ್‌ಸನ್ ಎಂಬವರು 1972ರಲ್ಲಿ ಇದನ್ನು ಪ್ರಕಟಿಸಿದರು. ಉಪ್ಪುನೀರಿನ ತೊಟ್ಟಿಗಳಲ್ಲಿ ಸಾಕುವ ಕಿತ್ತಳೆ ಬಣ್ಣದ ಕ್ಲೌನ್ ಮೀನಿನದು ವಿಲೋಮ ಕ್ರಮ: ಹೆಣ್ಣು ಅಳಿದರೆ ಅದರ ಗಂಡನೇ ಹೆಣ್ಣಾಗುತ್ತಾನೆ, ಕಿರಿಯವುಗಳಲ್ಲಿ ದೊಡ್ಡದು ಗಂಡಿನ ಸ್ಥಾನಕ್ಕೇರುತ್ತದೆ. ಇದು ವಿಕೃತಿಯೂ ಅಲ್ಲ, ಅಪಶಕುನವೂ ಅಲ್ಲ. ಆ ಕುಲದ ನಿತ್ಯಧರ್ಮ.

ಕಡೆಯದಾಗಿ, ಎಚ್ಚರಿಕೆಗೆ ಕಾರಣವಾದ ಇನ್ನೊಂದು ಬಗೆಯ ಬದಲಾವಣೆಯನ್ನು ಹೇಳಬೇಕು. ಅಮೆರಿಕದ ಫ್ಲಾರಿಡಾದಲ್ಲಿ ಕಾಗದದ ಕಾರ್ಖಾನೆಯ ಕೊಳೆನೀರು ಬೀಳುವ ಹೊಳೆಯೊಂದರಲ್ಲಿ, ಹೆಣ್ಣು ಗಂಬೂಸಿಯಾಗಳಿಗೆ ಗಂಡಿಗಿರುವಂತಹ ನೀಳವಾದ ಕೆಳರೆಕ್ಕೆ ಮೂಡಿದ್ದುದನ್ನು 1980ರಲ್ಲಿ ವಿಜ್ಞಾನಿಗಳು ವರದಿಮಾಡಿದರು. ಅದು ಮೀನಿನ ಸ್ವಭಾವದಿಂದ ಆದುದಲ್ಲ. ನೀರಿನಲ್ಲಿ ಬೆರೆತ ವಸ್ತುಗಳಿಂದ ಆದುದು. ಆದುದರಿಂದ ಕುರಕುಂಟೆಯ ತಗ್ಗಿನಲ್ಲಿಯೇ ಆಗಲಿ, ನಗರದ ಕೆರೆಯಲ್ಲಿಯೇ ಆಗಲಿ, ಹೆಣ್ಣುಗಂಬೂಸಿಯಾಗಳು ಗುಂಪುಗುಂಪಾಗಿ ಗಂಡುರೂಪ ತಾಳಿದುದು ಕಂಡುಬಂದರೆ, ಮೀನನ್ನು ನೋಡಿ ಬೆರಗಾಗಿ ಸುಮ್ಮನಾಗತಕ್ಕದ್ದಲ್ಲ. ನೀರನ್ನು ಪರೀಕ್ಷೆಗೆ ಕಳುಹಿಸತಕ್ಕದ್ದು. ಅದೇ ನೀರನ್ನು ದನಕರುಗಳು ಕುಡಿಯುತ್ತವೆ, ಮನುಷ್ಯರೂ ಬಳಸುತ್ತಾರೆ.

ನಮ್ಮ ಉತ್ತರವಿಷ್ಟು: ಕಡಲಿನ ಕೆಲವು ಮೀನುಗಳು ಸಹಜವಾಗಿಯೇ ಲಿಂಗವನ್ನು ಬದಲಿಸುತ್ತವೆ. ಮನೆಯ ತೊಟ್ಟಿಯ ಗಪ್ಪಿ, ಕತ್ತಿಬಾಲಗಳಲ್ಲಿ ಹಾಗೆ ಕಂಡರೆ, ಅದು ಬಹುಮಟ್ಟಿಗೆ ತಡವಾಗಿ ಬಂದ ಪ್ರಾಯ ಅಥವಾ ಮುಪ್ಪಿನ ಗುರುತು. ಮೀನು ಮಾರಿದವನನ್ನು ದೂರುವುದಕ್ಕೆ ಮುನ್ನ ಕೆಲವು ವಾರ ತಾಳ್ಮೆಯಿಂದ ನೋಡಿರಿ.