ತೀರ್ಪಿನ ಮರುದಿನದ ಮಗು



ವಿಚ್ಛೇದನ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನಿಂದು ನಿಂತಿಲ್ಲ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮ ಮನೆತನಗಳಲ್ಲಿಯೂ ಅದು ನಡೆಯುತ್ತಿದೆ. ಹಿರಿಯರು ಕುಳಿತು ಒಡವೆ, ಮದುವೆಯ ಖರ್ಚು, ಜೀವನಾಂಶಗಳನ್ನು ಇತ್ಯರ್ಥಪಡಿಸುತ್ತಾರೆ. ಮಗುವಿನ ವಿಷಯ ಬಂದಾಗ ಮಾತ್ರ 'ಯಾರ ಬಳಿ ಇರಬೇಕು' ಎಂಬ ಒಂದೇ ಪ್ರಶ್ನೆ. ನಿಜವಾದ ಕಲಹ ಹುಟ್ಟುವುದು ಆ ಪ್ರಶ್ನೆ ಮುಗಿದ ಮೇಲೆ.

'ಗಂಡುಮಗು ವಂಶದ್ದು, ತಂದೆಗೇ ಸೇರತಕ್ಕದ್ದು' ಎನ್ನುವವರು ಇಂದಿಗೂ ಇದ್ದಾರೆ. ಜೈನರಿಗೂ ಅನ್ವಯಿಸುವ 1956ರ ಪಾಲಕತ್ವ ಕಾಯಿದೆ ತಂದೆಯನ್ನು ಮೊದಲು ಹೆಸರಿಸಿದರೂ, 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯಿರಬೇಕೆನ್ನುತ್ತದೆ. ಎಲ್ಲಕ್ಕಿಂತ ಮಿಗಿಲಾದುದು ಮಗುವಿನ ಕ್ಷೇಮವೆನ್ನುತ್ತದೆ. ತಂದೆ ಬದುಕಿರುವಾಗಲೂ ತಾಯಿ ಸಹಜ ಪಾಲಕಳಾಗಬಲ್ಲಳೆಂದು ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1999ರಲ್ಲಿಯೇ ಹೇಳಿದೆ.

ಆದರೆ ಕಾಯಿದೆ ಅಡುಗೆಮನೆಯೊಳಗೆ ಬರುವುದಿಲ್ಲ. ತಾಯಿಯ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನವೇ ಊಟ. ಶನಿವಾರ ತಂದೆ ಕರೆದೊಯ್ದರೆ ರಾತ್ರಿ 9 ಗಂಟೆಗೆ ಹೋಟೆಲಿನಲ್ಲಿ ಆಲೂಗಡ್ಡೆಯ ಪಲ್ಯ. ಭಾನುವಾರ ಸಂಜೆ ಬಾಗಿಲಲ್ಲಿಯೇ ವಿಚಾರಣೆ: 'ಏನು ತಿಂದೆ? ಎಷ್ಟು ಹೊತ್ತಿಗೆ?' ಮೂರನೆಯ ವಾರಕ್ಕೆ ಮಗು ಸುಳ್ಳು ಹೇಳಲು ಕಲಿತಿರುತ್ತದೆ. ರಾತ್ರಿಭೋಜನದ ದೋಷವನ್ನು ಎಣಿಸುವ ನಾವು ಈ ಸುಳ್ಳನ್ನು ಯಾರ ಲೆಕ್ಕಕ್ಕೆ ಬರೆಯೋಣ? ಸತ್ಯವೂ ಅಣುವ್ರತವೇ ಅಲ್ಲವೇ?

ನನ್ನ ಅಭಿಪ್ರಾಯ ಕೆಲವರಿಗೆ ರುಚಿಸದು. ದಶಲಕ್ಷಣ ಪರ್ವದ ಹತ್ತು ದಿನ ಎರಡೂ ಮನೆಗಳಲ್ಲಿ ಒಂದೇ ಆಚಾರವಿರಲೆಂದು ಒಪ್ಪಿಕೊಳ್ಳಿ. ಉಳಿದ ದಿನಗಳಲ್ಲಿ ಮಗು ಯಾರ ಮನೆಯಲ್ಲಿದೆಯೋ ಆ ಮನೆಯ ಕ್ರಮ ನಡೆಯಲಿ. ಆಕ್ಷೇಪವಿದ್ದರೆ ತಾಯಿ ತಂದೆಗೆ ನೇರವಾಗಿ ಬರೆಯಲಿ, ತಂದೆ ತಾಯಿಗೆ ಬರೆಯಲಿ. ಮಗುವನ್ನು ದೂತನನ್ನಾಗಿ, ಸಾಕ್ಷಿಯನ್ನಾಗಿ ಮಾಡಬೇಡಿ. ಶಾಲೆಯ ಆಯ್ಕೆಯಲ್ಲಿ ಒಮ್ಮತ ಮೂಡದಿದ್ದರೆ, ನಿತ್ಯವೂ ಮಗುವನ್ನು ಎಬ್ಬಿಸಿ ಕಳುಹಿಸುವವರ ಮಾತಿಗೆ ಹೆಚ್ಚು ತೂಕವಿರಲಿ. ಶುಲ್ಕವನ್ನು ಆದಾಯಕ್ಕನುಗುಣವಾಗಿ ಹಂಚಿಕೊಳ್ಳಲಿ. ಶುಲ್ಕ ತಡವಾಯಿತೆಂದು ಭೇಟಿಯನ್ನು ತಡೆಯುವುದಾಗಲಿ, ಭೇಟಿ ತಪ್ಪಿತೆಂದು ಶುಲ್ಕವನ್ನು ನಿಲ್ಲಿಸುವುದಾಗಲಿ ಸಲ್ಲದು.

ಇದನ್ನೆಲ್ಲ ಬಾಯಿಮಾತಿನಲ್ಲಿ ಬಿಡಬಾರದು. ಪರಸ್ಪರ ಸಮ್ಮತಿಯ ಅರ್ಜಿಯೊಡನೆಯೇ ಬರೆದು ಸಲ್ಲಿಸಿದರೆ ಕೋರ್ಟಿನ ಆದೇಶದಲ್ಲಿ ಸೇರುತ್ತದೆ. ಮಗು ಬೆಳೆದಂತೆ ಅದನ್ನು ಬದಲಿಸಲು 1955ರ ವಿವಾಹ ಕಾಯಿದೆಯ 26ನೆಯ ಕಲಮಿನಲ್ಲಿ ಅವಕಾಶವಿದೆ. ಸಾಧ್ಯವಾದಲ್ಲೆಲ್ಲ ಮಗುವಿನ ಇಚ್ಛೆಯನ್ನೂ ಗಮನಿಸಬೇಕೆಂದು ಅದೇ ಕಲಮು ಹೇಳುತ್ತದೆ. ಮಾತು ಮುರಿದುಬಿದ್ದರೆ ಕೌಟುಂಬಿಕ ನ್ಯಾಯಾಲಯದ ಸಮಾಲೋಚಕರಿದ್ದಾರೆ. ನಮ್ಮ ಸಮಾಜದ ಹಿರಿಯರೂ ಮಧ್ಯಸ್ಥಿಕೆ ವಹಿಸಬಹುದು, ಎರಡು ಬೀಗರ ಮನೆಗಳಿಗೂ ನಂಟಿಲ್ಲದವರಾದರೆ.

ಮುಂದಿನ ಸಲ ಇಂಥ ಮಾತುಕತೆಗೆ ಕುಳಿತಾಗ ಒಂದು ಕ್ಯಾಲೆಂಡರನ್ನು ಮುಂದಿಟ್ಟುಕೊಳ್ಳಿ. ಬೇಸಿಗೆ ರಜೆಯಲ್ಲಿ ಯಾವ ವಾರ ಬೆಳಗಾವಿಯ ಅಜ್ಜಿಯ ಮನೆ, ಯಾವ ವಾರ ಮೂಡುಬಿದಿರೆಯ ಅಜ್ಜನ ಮನೆ ಎಂಬುದು ಮಾರ್ಚಿಯೊಳಗೇ ಇಬ್ಬರಿಗೂ ತಿಳಿದಿರಲಿ. ಮಗುವಿಗೂ ತಿಳಿದಿರಲಿ.