ಕೂಸಿನ ಖರ್ಚು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಸೇಂಗಾ, ಮೆಕ್ಕೆಜೋಳ ಮಾರಿದ ದುಡ್ಡು ಕೈಗೆ ಬರುವ ಮೊದಲೇ ಮನೆಗೆ ಕೂಸು ಬರಬಹುದು. ಅದಕ್ಕಾಗಿ ಸಾಲ ಮಾಡಬೇಕೆ? ಬೇಕಾಗಿಲ್ಲ.

ಮೊದಲು ಹಾಲಿನ ಮಾತು. ಎಮ್ಮೆ ಈದರೆ ಕರುವಿಗೆ ಗಿಣ್ಣು ಕುಡಿಸದೆ ಬಿಡುತ್ತೇವೆಯೇ? ತಾಯಿಯ ಮೊದಲ ಹಳದಿ ಹಾಲೇ ಕೂಸಿನ ಗಿಣ್ಣು. ಅದನ್ನು ಹಿಂಡಿ ಚೆಲ್ಲಬೇಡಿರಿ. ಹುಟ್ಟಿದ ಒಂದು ತಾಸಿನೊಳಗೆ ಕುಡಿಸಿರಿ. ಆರು ತಿಂಗಳು ಎದೆಹಾಲೊಂದೇ ಸಾಕು, ನೀರೂ ಬೇಡ. ಹಾಲು ಸಾಲದೆನಿಸಿದರೆ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿರಿ.

ನನ್ನ ಮೊದಲ ಮಗುವಿಗೆ ನಾನೇ ಡಬ್ಬಿ ಹಾಲು, ಬಾಟಲಿ ತಂದಿದ್ದೆ. ಬಾಟಲಿ ಸರಿಯಾಗಿ ಕುದಿಸಲಿಲ್ಲ. ಕೂಸಿಗೆ ಭೇದಿ ಹತ್ತಿ ಐದು ದಿನ ಆಸ್ಪತ್ರೆಯಲ್ಲಿ ಕೂತೆವು. ಡಬ್ಬಿಯ ದುಡ್ಡೂ ಹೋಯಿತು, ನಿದ್ದೆಯೂ ಹೋಯಿತು.

ಬಟ್ಟೆಗೆ ಪೇಟೆಗೆ ಓಡಬೇಡಿರಿ. ಹಳೆಯ ನೂಲಿನ ಸೀರೆ, ಪಂಚೆಗಳನ್ನು ಬಿಸಿನೀರಲ್ಲಿ ಒಗೆದು, ಚುರುಕು ಬಿಸಿಲಲ್ಲಿ ಒಣಗಿಸಿದರೆ ಲಂಗೋಟಿ, ಕುಲಾವಿ, ಕೌದಿ ಎಲ್ಲಾ ಆಗುತ್ತವೆ. ತೊಟ್ಟಿಲನ್ನು ಅಣ್ಣತಮ್ಮಂದಿರ ಮನೆಯಿಂದ ತನ್ನಿರಿ.

ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಲಸಿಕೆ ಉಚಿತ. ಬಸಿರಾದ ಕೂಡಲೇ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಿರಿ. ಮಾತೃವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ ಮೊದಲ ಕೂಸಿಗೆ 5,000 ರೂಪಾಯಿ. ಎರಡನೆಯದು ಹೆಣ್ಣಾದರೆ 6,000. ಅಂಗನವಾಡಿಯಲ್ಲಿ ವಿಚಾರಿಸಿರಿ.

ಆದರೆ ಒಂದು ಕಡೆ ಕೈ ಬಿಗಿ ಹಿಡಿಯಬೇಡಿರಿ: ಬಾಣಂತಿಯ ತಾಟಿನಲ್ಲಿ. ರೊಟ್ಟಿ, ಬೇಳೆ, ಸೊಪ್ಪು, ಸೇಂಗಾ, ಹಾಲು ಹೊಟ್ಟೆ ತುಂಬ ಬೀಳಲಿ. ಡಬ್ಬಿಯಲ್ಲಿ ಉಳಿಸಿದ ದುಡ್ಡು ಅಲ್ಲಿಗೇ ಹೋಗಲಿ. ಬುಡಕ್ಕೆ ನೀರು ಬಿಟ್ಟರೆ ತಾನೆ ಕಾಯಿ ತುಂಬೋದು?