ಯಂತ್ರಕ್ಕೆ ತಲೆಗಂದಾಯವಿಲ್ಲ

(ಹೈದರಾಬಾದಿನಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಅರ್ಥಶಾಸ್ತ್ರಜ್ಞನಲ್ಲ, ಬ್ಯಾಂಕೊಂದರಲ್ಲಿ 35 ವರ್ಷ ದುಡಿದು ನಿವೃತ್ತನಾದವನು. ನಾನು ಸೇರಿದಾಗ ನಮ್ಮ ಶಾಖೆಯಲ್ಲಿ 36 ಮಂದಿ ಇದ್ದೆವು. ಕಳೆದ ತಿಂಗಳು ಪಿಂಚಣಿಯ ಕೆಲಸಕ್ಕೆ ಹೋದಾಗ ಎಣಿಸಿದೆ: ಆರೇ ಮಂದಿ. ಮಿಕ್ಕ ಕೆಲಸವನ್ನು ಯಂತ್ರಗಳು ಮಾಡುತ್ತಿವೆ, ನಮಗಿಂತ ಚೆನ್ನಾಗಿಯೇ. ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ಚಿಂತೆ ಆ ಶಾಖೆಯ ಮುಂದಿನ ಚರಂಡಿಯದು.

ತೆಲಂಗಾಣದಲ್ಲಿ ತಿಂಗಳಿಗೆ 20,000 ರೂಪಾಯಿ ಮೀರಿದ ಸಂಬಳದ ಮೇಲೆ 200 ರೂಪಾಯಿ ವೃತ್ತಿ ತೆರಿಗೆಯುಂಟು. 30 ಮಂದಿ ಕಡಮೆಯಾದರೆ ವರ್ಷಕ್ಕೆ 72,000 ರೂಪಾಯಿ ಖೋತಾ. ಯಂತ್ರವು ಈ ತೆರಿಗೆ ಕೊಡುವುದಿಲ್ಲ. ಸಂವಿಧಾನದ 276ನೆಯ ವಿಧಿ ಇದನ್ನು ರಾಜ್ಯಕ್ಕಷ್ಟೇ ಅಲ್ಲ, ನಗರಸಭೆಗಳ ಹಿತಕ್ಕಾಗಿಯೂ ಕಲ್ಪಿಸಿದೆ. ಆದರೆ 1988ರ ತಿದ್ದುಪಡಿ ವಿಧಿಸಿದ ವರ್ಷಕ್ಕೆ 2,500 ರೂಪಾಯಿಯ ಮಿತಿ ಇಂದಿಗೂ ಕದಲಿಲ್ಲ. ಅದನ್ನು 12,000ಕ್ಕೆ ಏರಿಸಬೇಕೆಂದು ಹದಿನಾಲ್ಕನೆಯ ಹಣಕಾಸು ಆಯೋಗ ಹೇಳಿತು. ಆದದ್ದೇನು? 2025ರಲ್ಲಿ ನಮ್ಮ ಕರ್ನಾಟಕವು ಫೆಬ್ರವರಿ ಒಂದು ತಿಂಗಳಿಗೆ ಮಾತ್ರ 300 ಎಂದು ಮಾಡಿ, 2,400ನ್ನು ಆ ಮಿತಿಗೆ ಮುಟ್ಟಿಸಿತು!

ಕರ್ನಾಟಕದ ಆಕ್ಟ್ರಾಯ್ ನಾಕಾಗಳು ಹಿರಿಯರಿಗೆ ನೆನಪಿರಬಹುದು. 1979ರಲ್ಲಿ ಅವು ಹೋದವು. ಲಾರಿಗಳು ಕಾಯುವುದು ತಪ್ಪಿತು, ಒಳ್ಳೆಯದೇ. ಅಂದಿನಿಂದ ಊರುಗಳು ಪರಿಹಾರಧನಕ್ಕಾಗಿ ರಾಜ್ಯದ ಮುಂದೆ ಕೈಯೊಡ್ಡಿದವು. 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿ ನಗರಗಳಿಗೆ ಕೆಲಸಗಳ ಪಟ್ಟಿ ಕೊಟ್ಟಿತು, ತೆರಿಗೆಗಳ ಪಟ್ಟಿ ಕೊಡಲಿಲ್ಲ. 2017ರ ಜಿ.ಎಸ್.ಟಿ.ಯಲ್ಲೂ ಕೇಂದ್ರ, ರಾಜ್ಯಗಳಿಗೆ ಪಾಲುಂಟು. ನಗರಕ್ಕೆಂದು ಮೂರನೆಯ ಪಾಲಿಲ್ಲ.

ಯಂತ್ರಕ್ಕೇ ತೆರಿಗೆ ಹಾಕೋಣವೆನ್ನುವವರಿದ್ದಾರೆ. ನಾನು ಒಪ್ಪಲಾರೆ. ಶಾಖೆಯಲ್ಲಿರುವ ಯಂತ್ರವನ್ನು ಎಣಿಸಬಹುದು. ಅದರ ಬುದ್ಧಿ ಇನ್ನಾವುದೋ ಊರಿನ ಡಾಟಾ ಸೆಂಟರಿನಲ್ಲಿರುತ್ತದೆ. ನೆಲ ಮಾತ್ರ ಊರು ಬಿಟ್ಟು ಹೋಗಲಾರದು. 1998ರಲ್ಲಿ ಸೈಬರ್ ಟವರ್ಸ್ ತೆರೆದ ಮೇಲೆ ಮಾದಾಪುರದ ನೆಲಕ್ಕೆ ಬೆಲೆ ಬಂದದ್ದು ಕಟ್ಟಡ ಕಟ್ಟಿದವರಿಂದಷ್ಟೇ ಅಲ್ಲ, ಸಾರ್ವಜನಿಕರ ಹಣದ ರಸ್ತೆ, ನೀರುಗಳಿಂದಲೂ. ಆದುದರಿಂದ ಕಂದಾಯವನ್ನು ಕಟ್ಟಡದ ವಿಸ್ತೀರ್ಣ, ಬಾಡಿಗೆಗಳಿಂದ ಅಳೆಯುವ ಬದಲು ನೆಲದ ಬೆಲೆಯಿಂದ ಅಳೆಯುವುದು ಮೇಲು.

"ಹಾಗಾದರೆ ಕಾಚಿಗುಡದ ನಮ್ಮ ಹಳೆಯ ಮನೆಗಳ ಗತಿಯೇನು ಸ್ವಾಮಿ?" ಎಂದು ಮುಂದಿನ ಸಾಲಿನ ಹಿರಿಯರು ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆ. ವಾಸದ ಮನೆಗೆ ರಿಯಾಯಿತಿ, ವ್ಯಾಪಾರದ ನೆಲಕ್ಕೆ ಪೂರ್ಣ ದರ ಎನ್ನಬಹುದು. ಆದರೂ ನಮ್ಮ ಕಂದಾಯ ಒಂದಿಷ್ಟು ಏರುತ್ತದೆ, ಮುಚ್ಚಿಡಲಾರೆ. 2020ರ ಅಕ್ಟೋಬರಿನ ಮಳೆಯಲ್ಲಿ ಅಡುಗೆಮನೆಗೆ ನೀರು ನುಗ್ಗಿದವರು ಈ ಸಭೆಯಲ್ಲಿ ಕೈಯೆತ್ತಿದರೆ ಎಷ್ಟು ಕೈಗಳು ಕಾಣಬಹುದು? ನನ್ನದಂತೂ ಒಂದು.